ಕಾಲುವೆಗೆ ಬಿಟ್ಟದ್ದು ಕೊಡಕ್ಕೆ ಬರುತ್ತದೆ

ಇಂದು ಬೆಳಿಗ್ಗೆ ನೀವು ಕುಡಿದ ಮೊದಲ ಲೋಟ ನೀರು ಎಲ್ಲಿಂದ ಬಂತೆಂದು ಎಂದಾದರೂ ಯೋಚಿಸಿದ್ದೀರಾ? ಪಟ್ಟಣದಲ್ಲಿರುವವರು ನಲ್ಲಿಯತ್ತ ಕೈ ತೋರಿಸಿ ಸುಮ್ಮನಾಗಬಹುದು. ಆದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಸಿರಿಗೇರಿ ಸೀಮೆಯ ಗೃಹಿಣಿಯರಿಗೆ ಈ ಪ್ರಶ್ನೆಯ ಉತ್ತರ ಚೆನ್ನಾಗಿ ಗೊತ್ತು. ನಲ್ಲಿಯ ಹಿಂದೆ ಕೆರೆ ಇದೆ, ಕೆರೆಯ ಹಿಂದೆ ಕಾಲುವೆ ಇದೆ, ಕಾಲುವೆಯ ಹಿಂದೆ ತುಂಗಭದ್ರೆ ಇದ್ದಾಳೆ.

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಎರೆಮಣ್ಣಿನ ಈ ಸೀಮೆಯಲ್ಲಿ ಬೋರ್ ಕೊರೆದರೆ ಹಲವೆಡೆ ಸಿಗುವುದು ಬಾಯಿಗಿಡಲಾಗದ ಸವಳು ನೀರು. ಆದ್ದರಿಂದ ಕಾಲುವೆಯಲ್ಲಿ ನೀರು ಹರಿಯುವಾಗಲೇ ಊರ ಕೆರೆ ತುಂಬಿಸಿಕೊಂಡು, ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಅದನ್ನೇ ಕುಡಿಯುವುದು ಇಲ್ಲಿನ ಊರುಗಳ ರೂಢಿ. ಭತ್ತದ ಗದ್ದೆಗೆ, ಮೆಣಸಿನಕಾಯಿ ಹೊಲಕ್ಕೆ, ಎಮ್ಮೆಯ ಬಾಯಾರಿಕೆಗೆ, ಮಗುವಿನ ಹಾಲಿನ ಬಾಟಲಿಗೆ ಎಲ್ಲಕ್ಕೂ ಒಂದೇ ನೀರು. ಪರಿಸರ ರಕ್ಷಣೆ ಎಂದರೆ ಕಾಡು, ಹುಲಿ, ಹಿಮಾಲಯ ಎಂದುಕೊಂಡಿರುವ ನಮಗೆ ಈ ಒಂದು ಸಂಗತಿ ಸಾಕು. ಇಲ್ಲಿ ಪರಿಸರ ಎಂದರೆ ನಮ್ಮ ಅಡುಗೆಮನೆಯ ಕೊಡ.

ಆ ಕೊಡಕ್ಕೆ ನೀರು ಕೊಡುವ ಜಲಾಶಯದ ಸ್ಥಿತಿಯನ್ನೂ ಸ್ವಲ್ಪ ನೋಡೋಣ. ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡದ್ದು 1953ರಲ್ಲಿ. ಆಗ ಅದರಲ್ಲಿ 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ವರ್ಷ ವರ್ಷವೂ ಮಳೆಯೊಂದಿಗೆ ಕೊಚ್ಚಿ ಬಂದ ಮಣ್ಣು ತಳದಲ್ಲಿ ಕೂತು ಕೂತು, ಈಗ ಹಿಡಿಯುವುದು ಸುಮಾರು 105 ಟಿಎಂಸಿ ಅಡಿ ಮಾತ್ರ. ಇದು ಸಾಲದೆಂಬಂತೆ 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗಲೇ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಮೂವತ್ತು ಟಿಎಂಸಿಗೂ ಹೆಚ್ಚು ನೀರು ನದಿಯ ಪಾಲಾಗಿತ್ತು. ಆ ವಾರ ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು ಕಡೆಯ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಪುಣ್ಯಕ್ಕೆ ಮಳೆ ಮುಂದುವರಿದು ಜಲಾಶಯ ಮತ್ತೆ ತುಂಬಿತು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ಗೇಟು ಮುರಿದದ್ದಕ್ಕೆ ನಾವು ಕಾರಣರೇ? ಗಣಿ ಅಗೆದು ಗುಡ್ಡ ಬೋಳಿಸಿದವರು ನಾವೇ? ನದಿಗೆ ಕೊಳಚೆ ಬಿಡುವ ಕಾರ್ಖಾನೆ ನಮ್ಮದೇ? ದೊಡ್ಡವರು ಮಾಡುವುದನ್ನೆಲ್ಲ ಮಾಡಿ, ಲೋಟ ನೀರು ಉಳಿಸಿ ಎಂದು ನಮಗೆ ಬುದ್ಧಿ ಹೇಳುವುದೇಕೆ? ನ್ಯಾಯವಾದ ಪ್ರಶ್ನೆ. ಅದನ್ನು ಕೇಳಲೇಬೇಕು, ಗಟ್ಟಿಯಾಗಿಯೇ ಕೇಳಬೇಕು. 1980ರ ದಶಕದಲ್ಲಿ ಹರಿಹರದ ಕೆಳಭಾಗದಲ್ಲಿ ಇದೇ ತುಂಗಭದ್ರೆಯ ಮಾಲಿನ್ಯದ ವಿರುದ್ಧ ನದಿದಡದ ಹಳ್ಳಿಯವರು, ಮೀನುಗಾರರು ಸಮಾಜ ಪರಿವರ್ತನ ಸಮುದಾಯದ ಜೊತೆಗೂಡಿ ಹೋರಾಡಿದ್ದರು. ಬಳ್ಳಾರಿಯ ಗಣಿಗಾರಿಕೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ್ದೂ ಜನ ಪ್ರಶ್ನೆ ಕೇಳಿದ್ದರಿಂದಲೇ. ಆದರೆ ಕಾಲುವೆಯ ಕೊನೆಯ ನಾಲ್ಕಾರು ಮೈಲಿಯಲ್ಲಿ, ಅಂದರೆ ನಮ್ಮ ಹೊಲದಿಂದ ನಮ್ಮ ಕೆರೆಯವರೆಗಿನ ದಾರಿಯಲ್ಲಿ, ನೀರಿಗೆ ಏನು ಸೇರುತ್ತದೆ ಎಂಬುದಕ್ಕೆ ಯಾವ ಕಾರ್ಖಾನೆಯೂ ಹೊಣೆಯಲ್ಲ. ಅಲ್ಲಿ ಕೈ ಇರುವುದು ನಮ್ಮದೇ.

ಅದರಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಎಣ್ಣೆ ಡಬ್ಬಿ. ಅಡುಗೆ ಎಣ್ಣೆಯಲ್ಲ, ಬೆಳೆಗೆ ಹೊಡೆಯುವ ಎಣ್ಣೆ. ಔಷಧಿ ಎಂದೂ ಕರೆಯುತ್ತೇವೆ. ವಿಷಕ್ಕೆ ಇಷ್ಟು ಮುದ್ದಾದ ಹೆಸರಿಟ್ಟಿದ್ದೇ ನಮ್ಮ ಮೊದಲ ತಪ್ಪೇನೋ! ಭತ್ತಕ್ಕೆ ಜಿಗಿಹುಳ ಬಂದರೆ, ಹತ್ತಿಗೆ ಕಾಯಿಕೊರಕ ಬಿದ್ದರೆ, ಮೆಣಸಿನಗಿಡ ಮುಟುರಿಕೊಂಡರೆ ಎಣ್ಣೆ ಹೊಡೆಯದೆ ಬೇರೆ ದಾರಿ ಕಾಣದ ರೈತನ ಕಷ್ಟ ನಮಗೆ ಗೊತ್ತಿದೆ. ಹೊಡೆಯಬೇಡಿ ಎಂದು ಹೇಳುವುದು ಸುಲಭ, ಸಾಲ ತೀರಿಸುವವರು ಅವರು. ಹೊಡೆದಾದ ಮೇಲೆ ಏನು ಮಾಡುತ್ತೇವೆ ಎಂಬುದಷ್ಟೇ ನಮ್ಮ ಮಾತು. ಪಂಪನ್ನು ಕಾಲುವೆಯಲ್ಲೇ ತೊಳೆಯುತ್ತೇವೆ. ಡಬ್ಬಿಯನ್ನು ಅಲ್ಲೇ ಮುಳುಗಿಸಿ ಜಾಲಾಡಿಸುತ್ತೇವೆ. ಗಟ್ಟಿಮುಟ್ಟಾದ ಡಬ್ಬಿಯಾದರೆ ಮನೆಗೂ ತರುತ್ತೇವೆ. ಸೀಮೆಎಣ್ಣೆಗೋ, ಬೀಜ ಹಾಕಿಡಲೋ, ಕೆಲವೊಮ್ಮೆ ಹೊಲಕ್ಕೆ ಕುಡಿಯುವ ನೀರು ಒಯ್ಯಲೋ ಬೇಕಾಗುತ್ತದಲ್ಲ!

"ಹರಿಯೋ ನೀರಲ್ರೀ, ಎಲ್ಲಾ ಕೊಚ್ಚಿಕೊಂಡು ಹೋಗತೈತಿ" ಎನ್ನುವ ಮಾತನ್ನು ನೀವೂ ಕೇಳಿರಬಹುದು. ಕೊಚ್ಚಿಕೊಂಡು ಹೋಗುವುದು ನಿಜ. ಎಲ್ಲಿಗೆ? ಕೆಳಗಿನ ಊರಿನ ಕೆರೆಗೆ. ಮೇಲಿನ ಊರಿನವರು ತೊಳೆದದ್ದು ನಮ್ಮ ಕೆರೆಗೆ. ಇನ್ನೊಂದು ವಿಷಯ ತಾಯಂದಿರು ಗಮನಿಸಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಕಾಲರಾ ಕಾಮಾಲೆಗಳಿಂದ ರಕ್ಷಣೆ ಸಿಗುತ್ತದೆ. ಆದರೆ ನೀರಿನಲ್ಲಿ ಬೆರೆತ ಕೀಟನಾಶಕ ಕುದಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ಇದು ಅತಿಶಯೋಕ್ತಿ ಎನಿಸಿದರೆ ಕಾಸರಗೋಡಿನ ಕಡೆ ಒಮ್ಮೆ ನೋಡಿ. ಎಣ್ಮಕಜೆ ಪಂಚಾಯತಿನ ಪಡ್ರೆ ಮೊದಲಾದ ಕನ್ನಡದ ಹಳ್ಳಿಗಳ ಸುತ್ತಲಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ಮೇಲೆ ಬಿದ್ದದ್ದು ಕೆಳಗಿನ ತೋಡು, ಸುರಂಗಗಳ ನೀರಿಗಿಳಿಯಿತು. ಮನೆ ಮನೆಯಲ್ಲಿ ಅಂಗವಿಕಲ ಮಕ್ಕಳು, ಬುದ್ಧಿಮಾಂದ್ಯ ಮಕ್ಕಳು, ಅವರನ್ನು ಹಗಲಿರುಳೂ ಎತ್ತಿ ಇಳಿಸುವ ಅಮ್ಮಂದಿರು. ಅಲ್ಲಿನ ವೈದ್ಯರೂ ಪತ್ರಕರ್ತರೂ ವರ್ಷಗಟ್ಟಲೆ ಕೂಗಿ ಹೇಳಿದ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಷೇಧಿಸಿತು. ಅಲ್ಲಿಯವರೆಗೆ ಅದೇ ಎಂಡೋಸಲ್ಫಾನನ್ನು ಹತ್ತಿಗೆ, ತರಕಾರಿಗೆ ದೇಶದ ಹಲವೆಡೆಯ ರೈತರು ಹೊಡೆಯುತ್ತಿದ್ದರು. ಅದರ ಡಬ್ಬಿಗಳೂ ಯಾವುದೋ ಮನೆಯ ಅಟ್ಟ ಸೇರಿದ್ದವು.

ಹಾಗಾದರೆ ಏನು ಮಾಡುವುದು? ಖರ್ಚಿಲ್ಲದ ಕೆಲಸ. ಡಬ್ಬಿ ಖಾಲಿಯಾದಾಗ ಅದರಲ್ಲಿ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು ಕುಲುಕಿ, ಆ ನೀರನ್ನು ಪಂಪಿನ ಟ್ಯಾಂಕಿಗೇ ಸುರಿಯಬೇಕು. ಹೀಗೆ ಮೂರು ಸಲ. ನೀವು ದುಡ್ಡು ಕೊಟ್ಟು ತಂದದ್ದು ಕಾಲುವೆಗೆ ಹೋಗದೆ ಬೆಳೆಗೇ ಹೋಯಿತು, ಇದು ಲಾಭವೇ ತಾನೆ? ಆಮೇಲೆ ಡಬ್ಬಿಯ ತಳಕ್ಕೆ ಮೊಳೆ ಹೊಡೆದು ತೂತು ಮಾಡಿಬಿಡಿ. ತೂತಾದ ಡಬ್ಬಿ ಯಾರ ಅಡುಗೆಮನೆಗೂ ಬರುವುದಿಲ್ಲ. ಪಂಪು ತೊಳೆದ ನೀರನ್ನು ಕಾಲುವೆಯಿಂದ ದೂರ, ಎಣ್ಣೆ ಹೊಡೆದ ಹೊಲದಲ್ಲೇ ಚೆಲ್ಲಬೇಕು. ಎಣ್ಣೆ ಹೊಡೆದು ಬಂದವರ ಅಂಗಿ ಲುಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ, ಕಾಲುವೆಗೂ ಒಯ್ಯಬೇಡಿ. ಬೇರೆ ಬಕೆಟ್ಟಿನಲ್ಲಿ ಒಗೆದು, ಆಮೇಲೆ ನಿಮ್ಮ ಕೈಗಳನ್ನು ಸೋಪು ಹಚ್ಚಿ ತೊಳೆದುಕೊಳ್ಳಿ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಓದು ಬಾರದವರಿಗೂ ತಿಳಿಯಲೆಂದೇ ಮಾಡಿದ ವ್ಯವಸ್ಥೆ ಇದು. ಶಾಲೆಗೆ ಹೋಗುವ ನಿಮ್ಮ ಮಗಳಿಗೆ ಒಮ್ಮೆ ತೋರಿಸಿದರೆ ಸಾಕು, ಮನೆಯವರಿಗೆಲ್ಲ ಆಕೆಯೇ ಪಾಠ ಮಾಡುತ್ತಾಳೆ!

ಇನ್ನು ಬಟ್ಟೆ. ವಾರದಲ್ಲಿ ಒಂದೋ ಎರಡೋ ದಿನ ನಲ್ಲಿ ನೀರು ಬರುವ ಕಡೆ ಕಾಲುವೆಗೆ ಬಟ್ಟೆ ಒಯ್ಯಬೇಡಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಸೋಪು ಹಚ್ಚುವುದು, ಉಜ್ಜುವುದು ಇವನ್ನು ದಂಡೆಯಿಂದ ನಾಲ್ಕು ಮಾರು ಆಚೆ ಮಾಡಿ, ಮೊದಲ ಎರಡು ಬಕೆಟ್ ನೊರೆ ನೀರನ್ನು ಮಣ್ಣಿಗೆ ಚೆಲ್ಲಬಹುದಲ್ಲ? ಪುಡಿಯನ್ನು ಹಿಡಿ ಹಿಡಿಯಾಗಿ ಸುರಿದರೆ ಬಟ್ಟೆ ಹೆಚ್ಚು ಬೆಳ್ಳಗಾಗುತ್ತದೆ ಎಂಬುದು ಟಿ.ವಿ. ಜಾಹೀರಾತು ಕಲಿಸಿದ ಭ್ರಮೆ. ಅನೇಕ ಸೋಪಿನ ಪುಡಿಗಳಲ್ಲಿರುವ ರಂಜಕದ ಅಂಶ, ಹೊಲದಿಂದ ಬಸಿದು ಬಂದ ಗೊಬ್ಬರದ ಅಂಶ ಎರಡೂ ಸೇರಿದರೆ ನಿಂತ ನೀರಿನಲ್ಲಿ ಪಾಚಿಗೆ ಹಬ್ಬ. ಕೆರೆಯ ನೀರು ಹಸಿರಾಗಿ ನಾರುವುದು ಹೀಗೆ.

ಮನೆಯ ಬಚ್ಚಲು ನೀರನ್ನು ಗಿಡಗಳಿಗೆ ಬಿಡಿ ಎಂದು ಎಲ್ಲರೂ ಬರೆಯುತ್ತಾರೆ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಹೆಚ್ಚಾಗಿ ಸವಳು ಜವಳು ಹತ್ತಿದ ಭೂಮಿ ಈಗಾಗಲೇ ಸಾಕಷ್ಟಿದೆ. ಎರೆಮಣ್ಣಿನ ಹಿತ್ತಿಲಿಗೆ ದಿನವೂ ಸೋಪಿನ ನೀರನ್ನೇ ಹರಿಸಿದರೆ ಮಣ್ಣಿನಲ್ಲಿ ಉಪ್ಪು ಕೂಡಿಕೊಳ್ಳುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಕರಿಬೇವಿಗೂ ನುಗ್ಗೆಗೂ ಅಮೃತ. ಅದನ್ನು ಬೇರೆ ಹಿಡಿದಿಡಿ. ಸೋಪಿನ ನೀರು ತೆಂಗು, ಬಾಳೆಯಂತಹ ಗಿಡಗಳಿಗೆ ಇರಲಿ, ಅದೂ ಒಂದೇ ಗಿಡಕ್ಕೆ ದಿನಾ ಬೇಡ.

ನಮ್ಮ ಮನೆಗಳಲ್ಲಿ ದಿನಕ್ಕೆ ಐದು ಸಲ ನಲ್ಲಿ ತಿರುಗಿಸುವ ಇನ್ನೊಂದು ಕೆಲಸವಿದೆ, ವುಝೂ. ಪ್ರವಾದಿ ಮುಹಮ್ಮದ್(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಇಂದಿನ ಲೆಕ್ಕದಲ್ಲಿ ಅದು ಮುಕ್ಕಾಲು ಲೀಟರ್‌ಗೂ ಕಡಿಮೆ. ಹರಿಯುವ ನದಿಯ ದಡದಲ್ಲಿದ್ದರೂ ದುಂದು ಮಾಡಬಾರದೆಂಬ ಬೋಧನೆಯನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇವೆ. ಕೇಳುತ್ತಾ ಕೇಳುತ್ತಾ ನಲ್ಲಿಯನ್ನು ಪೂರ್ತಿ ತೆರೆದಿಟ್ಟಿದ್ದೇವೆ! ಒಂದು ದಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿ ನೋಡಿ. ಎಷ್ಟು ತುಂಬಿತೆಂದು ನಿಮಗೇ ಆಶ್ಚರ್ಯವಾದೀತು. ಒಬ್ಬೊಬ್ಬರು ಒಂದು ಸಲಕ್ಕೆ ನಾಲ್ಕು ಲೀಟರ್ ಹೆಚ್ಚು ಹರಿಸಿದರೂ ಆರು ಜನರ ಮನೆಯಲ್ಲಿ ದಿನಕ್ಕೆ 120 ಲೀಟರ್. ಅಂದರೆ ಎಂಟು ಕೊಡ. ಏಪ್ರಿಲ್ ತಿಂಗಳಲ್ಲಿ ಎಂಟು ಕೊಡ ನೀರಿಗಾಗಿ ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲಬೇಕೆಂದು ಹೆಂಗಸರನ್ನು ಕೇಳಿ. ಒಂದು ಲೋಟಾ ಹಿಡಿದು ವುಝೂ ಮಾಡಿದರೆ ಮುಗಿಯಿತು. ಮಸೀದಿಯ ವುಝೂಖಾನೆಯ ನೀರಿನಲ್ಲಿ ಸೋಪಿರುವುದಿಲ್ಲ, ಅದು ಚರಂಡಿ ಸೇರುವ ಬದಲು ಅಂಗಳದ ಬೇವಿನ ಬುಡಕ್ಕೆ ಹೋಗುವಂತೆ ಒಂದು ಪೈಪು ಹಾಕಲು ಕಮಿಟಿಯವರಿಗೆ ಹೆಚ್ಚು ಖರ್ಚು ಬಾರದು.

ಕೊನೆಯದಾಗಿ ಮದುವೆಯ ಊಟದ ವಿಷಯ ಹೇಳದಿದ್ದರೆ ಈ ಲೇಖನ ಪೂರ್ಣವಾಗುವುದಿಲ್ಲ. ಅದಕ್ಕೂ ನೀರಿಗೂ ಏನು ಸಂಬಂಧ ಎನ್ನಬೇಡಿ. ಸಂಬಂಧ ಇರುವುದೇ ಅಲ್ಲಿ. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಲೆಕ್ಕದ ಪ್ರಕಾರ ಒಂದು ಕಿಲೋ ಭತ್ತ ಬೆಳೆಯಲು ಗದ್ದೆಗೆ ಸರಾಸರಿ 2,500 ಲೀಟರ್ ನೀರು ಬೇಕು. ಸಾವಿರ ಜನರ ವಲೀಮಾದಲ್ಲಿ ಒಬ್ಬೊಬ್ಬರೂ ತಟ್ಟೆಯಲ್ಲಿ ಒಂದು ಹಿಡಿ ಬಿರಿಯಾನಿ, ಅಂದರೆ ಐವತ್ತು ಗ್ರಾಂ ಅಕ್ಕಿಯಷ್ಟು, ಬಿಟ್ಟರೆಂದು ಇಟ್ಟುಕೊಳ್ಳಿ. ಐವತ್ತು ಕಿಲೋ ಅಕ್ಕಿ ಮಣ್ಣುಪಾಲು. ಅಷ್ಟು ಅಕ್ಕಿಗೆ ಸುಮಾರು 75 ಕಿಲೋ ಭತ್ತ. ಅದಕ್ಕೆ ಗದ್ದೆ ಕುಡಿದ ನೀರು 1,87,500 ಲೀಟರ್. ಐದು ಸಾವಿರ ಲೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ಯಾಂಕರ್‌ನಲ್ಲಿ ಮೂವತ್ತೇಳು ಸಲ ತುಂಬಿ ತಂದು ಶಾಮಿಯಾನದ ಹಿಂದೆ ಚೆಲ್ಲಿದಂತೆ! ಸೋನಾ ಮಸೂರಿ ಬೆಳೆಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಹಿಂದೆ ದಸ್ತರ್‌ಖಾನ್ ಹಾಸಿ, ನಾಲ್ಕಾರು ಜನ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುತ್ತಿದ್ದರು. ಬೇಕಾದಷ್ಟೇ ಹಾಕಿಸಿಕೊಳ್ಳುತ್ತಿದ್ದರು. ಈಗ ಬಫೆ ಬಂದಿದೆ, ಥರ್ಮೋಕೋಲ್ ತಟ್ಟೆ ಬಂತು, ಅಂಗೈಯಗಲದ ನೀರಿನ ಬಾಟಲಿ ಬಂತು. ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ಚಮಚಗಳನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಆದರೂ ಮದುವೆಯ ಮರುದಿನ ಕಾಲುವೆಯ ತೂಬಿನ ಬಾಯಿಗೆ ಏನು ಸಿಕ್ಕಿಕೊಂಡಿರುತ್ತದೆ ಎಂದು ನೀರುಗಂಟಿಯನ್ನು ಕೇಳಿದರೆ ಹೇಳುತ್ತಾನೆ. ಸ್ಟೀಲ್ ತಟ್ಟೆ ಲೋಟಗಳು ಬಾಡಿಗೆಗೆ ಸಿಗುತ್ತವೆ. ತೊಳೆಯುವವರ ಕೂಲಿ ಸೇರಿದರೂ ಬಾಟಲಿ ನೀರಿನ ಪೆಟ್ಟಿಗೆಗಳಷ್ಟು ದುಬಾರಿಯಾಗಲಾರದು. ಒಂದು ಜಮಾಅತ್‌ನ ನಾಲ್ಕು ಮನೆಗಳು ಸೇರಿ ಇನ್ನೂರು ತಟ್ಟೆ ಕೊಂಡಿಟ್ಟರೆ ಪಂಕ್ತಿ ಪಂಕ್ತಿಯಾಗಿ ಬಡಿಸಿ ಸಾವಿರ ಜನರ ಊಟ ಮುಗಿಸಬಹುದು. ನಿಮ್ಮ ಮನೆಯ ಮುಂದಿನ ಮದುವೆಗೆ ಬಾಣಸಿಗನ ಜೊತೆ ಮಾತಾಡುವಾಗ, ಎಷ್ಟು ಕಿಲೋ ಅಕ್ಕಿ ಎಂದು ಆತ ಕೇಳುತ್ತಾನಲ್ಲ, ಆಗ ಒಂದು ಮೂಟೆ ಕಡಿಮೆ ಹೇಳಿ ನೋಡಿ.