ಬೀಗರು ಬಸ್ ಹತ್ತಿದ ಮೇಲೆ: ಸಾವಿನ ಮನೆಗೆ ಆಸರೆ ಎಲ್ಲಿದೆ?

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ರೊಟ್ಟಿ, ಪಲ್ಯ ತಂದು ಕೊಡ್ತಾರೆ. ರಾತ್ರಿಯೆಲ್ಲ ಭಜನಾ ಮೇಳದವರು ಕೂಡ್ತಾರೆ. ಕುಣಿ ತೋಡುವವರು, ಊರೂರಿಗೆ ಫೋನ್ ಹಚ್ಚುವವರು ತಾವಾಗಿಯೇ ಬರ್ತಾರೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಯಾವ ತಾಲೂಕಿನ ಹಳ್ಳಿಯೇ ಇರಲಿ, ಆ ಮೊದಲ ದಿನಗಳನ್ನು ದಾಟಿಸುವುದು ಊರಿಗೆ ಚೆನ್ನಾಗಿ ಗೊತ್ತು.

ಕಷ್ಟ ಇರುವುದು ಅದಕ್ಕಿಂತ ಮುಂಚೆ ಮತ್ತು ಆಮೇಲೆ. ಹಿರಿಯರು ಹಾಸಿಗೆ ಹಿಡಿದು ನರಳುವಾಗ ಏನು ಮಾಡಬೇಕೆಂದು ತಿಳಿಯುವುದಿಲ್ಲ. ದಿನಕರ್ಮ ಮುಗಿದು ಬೀಗರು ಬಸ್ ಹತ್ತಿದ ಮೇಲೆ ಮನೆಯಲ್ಲಿ ಉಳಿಯುವುದು ಅವ್ವ, ನೀವು, ಅಪ್ಪನ ಹೆಸರಿನ ಹೊಲ ಮತ್ತು ಸಾಲ. ಈ ಎರಡೂ ಹೊತ್ತಿನಲ್ಲಿ ಸಹಾಯ ಸಿಗುತ್ತದೆ. ಆದರೆ ಅದು ರೊಟ್ಟಿ ಬುಟ್ಟಿಯ ಹಾಗೆ ತಾನಾಗಿ ಬಾಗಿಲಿಗೆ ಬರುವುದಿಲ್ಲ, ನಾವೇ ಕೇಳಬೇಕು.

"ಮನಿಗೆ ಕರ್ಕೊಂಡು ಹೋಗ್ರಿ" ಅಂದಾಗ

"ಇನ್ನ ಮುಂದ ನಮ್ಮ ಕೈಯಾಗ ಇಲ್ಲ" ಎಂದು ಡಾಕ್ಟರು ಹೇಳಿದರೆ ಕೆಲವರು ಎತ್ತು ಮಾರಿ ಮತ್ತೊಂದು ಆಸ್ಪತ್ರೆಗೆ ಓಡ್ತಾರೆ, ಕೆಲವರು ಸುಮ್ಮನೆ ಮನೆಗೆ ಕರೆತರ್ತಾರೆ. ಮೂರನೆಯ ದಾರಿಯೂ ಇದೆ, ಅದು ಉಪಶಮನ ಆರೈಕೆ. ರೋಗ ವಾಸಿಯಾಗದಿದ್ದರೂ ನೋವು, ಉಬ್ಬಸ, ವಾಂತಿ, ಹಾಸಿಗೆ ಹುಣ್ಣು ಕಡಿಮೆ ಮಾಡಲು ಬರುತ್ತದೆ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಗುಳಿಗೆ ಇದೆ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಡಾಕ್ಟರು ಹೇಳಿದಷ್ಟೇ ಕೊಟ್ಟರೆ ಚಟದ ಹೆದರಿಕೆ ಬೇಡ.

ಆಸ್ಪತ್ರೆ ಬಿಡುವ ಮುಂಚೆ ಮೂರು ಪ್ರಶ್ನೆ ಕೇಳಿ. ನೋವಿಗೆ ಏನು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು? ನಡುರಾತ್ರಿ ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು? ಗುಳಿಗೆ ಮುಗಿದರೆ ಎಲ್ಲಿ ಸಿಗುತ್ತದೆ? ಡಿಸ್ಚಾರ್ಜ್ ಕಾಗದದ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ವಿಚಾರಿಸಲು ಹುಬ್ಬಳ್ಳಿಯ ಕಿಮ್ಸ್ ಮತ್ತು ನವನಗರದ ಕ್ಯಾನ್ಸರ್ ಆಸ್ಪತ್ರೆ ಇವೆ. ಊರಿನಲ್ಲಿ ಆಶಾ ಕಾರ್ಯಕರ್ತೆಗೆ, ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೆ ಹೇಳಿ. ಉಪಶಮನ ಆರೈಕೆ ಆ ಕೇಂದ್ರಗಳ ಸೇವಾ ಪಟ್ಟಿಯಲ್ಲೇ ಇದೆ.

"ನನಗ ಕೊನೀಗೆ ಮಿಷನ್ ಹಚ್ಚಬ್ಯಾಡ್ರಿ" ಎಂದು ಹಿರಿಯರು ಹೇಳಿದರೆ ಬಾಯಿ ಮುಚ್ಚಿಸಬೇಡಿ. ಆ ಇಚ್ಛೆಯನ್ನು ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿತು, 2023ರಲ್ಲಿ ನಿಯಮ ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಮೊದಲ 21 ದಿನ

ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಶುಲ್ಕ ಇಲ್ಲ. ಗ್ರಾಮ ಪಂಚಾಯಿತಿಯಲ್ಲಿ ಅಥವಾ ಗ್ರಾಮ ಆಡಳಿತಾಧಿಕಾರಿ ಹತ್ತಿರ ಕೇಳಿ. ಮುಂದಿನ ಎಲ್ಲ ಕೆಲಸಕ್ಕೂ ಈ ಪ್ರಮಾಣಪತ್ರವೇ ಕೀಲಿಕೈ.

ಹಾವು ಕಚ್ಚಿ, ಕರೆಂಟ್ ಹೊಡೆದು, ಟ್ರ್ಯಾಕ್ಟರ್ ಪಲ್ಟಿಯಾಗಿ ಸಾವಾದರೆ ಮಣ್ಣು ಮಾಡುವ ಅವಸರ ಬೇಡ. ಪೊಲೀಸ್ ದೂರು, ಮರಣೋತ್ತರ ಪರೀಕ್ಷೆ ಇಲ್ಲದಿದ್ದರೆ ಪರಿಹಾರವೂ ವಿಮೆಯೂ ತಪ್ಪಿಹೋಗಬಹುದು. ಹಾವು ಕಚ್ಚಿ ತೀರಿಕೊಂಡ ರೈತನ ಮನೆಯವರು ರೈತ ಸಂಪರ್ಕ ಕೇಂದ್ರದಲ್ಲಿ ಕೂಡಲೇ ಪರಿಹಾರದ ಅರ್ಜಿ ಕೇಳಬೇಕು.

ತೀರಿಕೊಂಡವರ ಪಾಸ್‌ಬುಕ್ ತೆಗೆದು ಮೇ ಕೊನೆಯ ನಮೂದು ನೋಡಿ. 436 ರೂಪಾಯಿ ಕಡಿತ ಇದ್ದರೆ ಜೀವನ ಜ್ಯೋತಿ ವಿಮೆ, 20 ರೂಪಾಯಿ ಇದ್ದರೆ ಸುರಕ್ಷಾ ಅಪಘಾತ ವಿಮೆ. ಎರಡರಲ್ಲೂ 2 ಲಕ್ಷ ರೂಪಾಯಿ ಇದೆ. ವಿಮೆ ಇದೆ ಅಂತ ಗೊತ್ತಿಲ್ಲದೆ ಹಣ ಕಳೆದುಕೊಳ್ಳಬೇಡಿ. ಬಿಪಿಎಲ್ ಮನೆಯಲ್ಲಿ ದುಡಿಯುವವರು 18ರಿಂದ 59 ವಯಸ್ಸಿನೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಸಿಗುತ್ತದೆ. ಅದಕ್ಕೂ ವಿಧವಾ ವೇತನಕ್ಕೂ ನಾಡಕಚೇರಿಯಲ್ಲಿ ಅರ್ಜಿ ಕೊಡಿ.

ಹೊಲ ಮತ್ತು ಸಾಲ

ಉತಾರ ಅಪ್ಪನ ಹೆಸರಿನಲ್ಲೇ ಉಳಿದರೆ ಬೆಳೆ ಸಾಲ, ಬೆಳೆ ವಿಮೆ, ಪಿಎಂ ಕಿಸಾನ್ ಎಲ್ಲದಕ್ಕೂ ತೊಡಕು. ವಂಶಾವಳಿ, ಮರಣ ಪ್ರಮಾಣಪತ್ರ ಹಿಡಿದು ವಾರಸಾ, ಅಂದರೆ ಪೌತಿ ಖಾತೆ ಮಾಡಿಸಿ. ಅವ್ವನ, ಅಕ್ಕ-ತಂಗಿಯರ ಹೆಸರು ಬಿಡಬೇಡಿ, ಅವರದೂ ಹಕ್ಕು.

ಸಾಲಗಾರರು ಬಾಗಿಲಿಗೆ ಬಂದರೆ ಗಾಬರಿಯಿಂದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನೀವು ಜಾಮೀನು ಹಾಕಿರದಿದ್ದರೆ, ಅಪ್ಪನ ಸಾಲಕ್ಕೆ ನಿಮ್ಮ ಹೊಣೆ ಅವರಿಂದ ಬಂದ ಆಸ್ತಿಯಷ್ಟಕ್ಕೇ. ಉಚಿತ ಕಾನೂನು ಸಲಹೆಗೆ 15100ಕ್ಕೆ ಫೋನ್ ಮಾಡಿ.

ಮನಸ್ಸಿನ ಭಾರ

"ಗಂಡಸಾಗಿ ಅಳ್ತಿಯೇನೋ? ನೀನ ಹಿಂಗ್ ಕುಂತರ ಅವ್ವಗ ಯಾರು ಧೈರ್ಯ ಹೇಳ್ಬೇಕು?" ಈ ಮಾತು ಕೇಳಿದ ಹುಡುಗ ಅಳುವುದನ್ನು ನಿಲ್ಲಿಸ್ತಾನೆ, ದುಃಖ ನಿಲ್ಲುವುದಿಲ್ಲ. ದುಃಖ ರೋಗವಲ್ಲ, ಅತ್ತರೆ ತಪ್ಪಿಲ್ಲ. ಆದರೆ ತಿಂಗಳು ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಹೊಲದ ಕಡೆ ಹೋಗಲು ಮನಸ್ಸಿಲ್ಲ, ಕುಡಿತ ಹೆಚ್ಚಾಗಿದೆ ಅಂದರೆ 14416ಕ್ಕೆ ಫೋನ್ ಹಚ್ಚಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎದುರು ಕುಳಿತು ಮಾತಾಡಬೇಕೆಂದರೆ ಧಾರವಾಡದ ಡಿಮ್ಹಾನ್ಸ್ ಇದೆ. ಅಲ್ಲಿಗೆ ಹೋದವರೆಲ್ಲ ಹುಚ್ಚರಲ್ಲ.

"ನಾನೂ ಹೋಗಿಬಿಡ್ತೇನಿ" ಎಂದು ಯಾರಾದರೂ ಅಂದರೆ ಅದನ್ನು ಬರೀ ಮಾತು ಅಂದುಕೊಳ್ಳಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ಬೆಳೆಗೆ ಹೊಡೆಯುವ ಎಣ್ಣೆ ಡಬ್ಬಿಗಳನ್ನು ಮನೆಯಿಂದ ದೂರ ಸಾಗಿಸಿ, ಕೂಡಲೇ ಫೋನ್ ಮಾಡಿ.

ಗೆಳೆಯರ ಪಾಲು

ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡಿಕೊಳ್ಳುವ ಪದ್ಧತಿ ಬೆಳೆಸಿದ್ದಾರೆ. ಮುಯ್ಯಾಳಿನ ಲೆಕ್ಕ ಗೊತ್ತಿರುವ ನಮಗೆ ಇದು ಹೊಸದೇನಲ್ಲ. ಗೆಳೆಯನ ಮನೆಯಲ್ಲಿ ಸಾವಾಗಿದ್ದರೆ ತಿಂಗಳು ಕಳೆದ ಮೇಲೆ ಒಮ್ಮೆ ಹೋಗಿ. ಅವನ ಹೊಲದಲ್ಲಿ ಒಂದು ದಿನ ಎಡೆ ಹೊಡೆದು ಬನ್ನಿ. ನಾಡಕಚೇರಿಗೆ ಬೈಕಿನಲ್ಲಿ ಕರೆದೊಯ್ಯಿರಿ. ಏನು ಮಾತಾಡಬೇಕು ತಿಳಿಯದಿದ್ದರೆ ಅಪ್ಪನ ಸುದ್ದಿ ತೆಗೆಯಿರಿ, ಅವನೇ ಹೇಳ್ತಾನೆ. ನೀವು ಕೇಳಿಸಿಕೊಂಡರೆ ಸಾಕು.

ಇವತ್ತೇ 14416 ಮತ್ತು 15100 ನಿಮ್ಮ ಫೋನಿನಲ್ಲಿ ಸೇವ್ ಮಾಡಿ, ಊರಿನ ವಾಟ್ಸಾಪ್ ಗುಂಪಿಗೂ ಹಾಕಿ. ಅದು ಯಾರ ಮನೆಗೆ ಯಾವಾಗ ಬೇಕಾಗುತ್ತದೋ ಹೇಳಲು ಬರುವುದಿಲ್ಲ.