ನೀರು ಕಲ್ಲಾಗುವ ನಾಡು



ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬೇಸಿಗೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಅಂಗಳಕ್ಕೆ ಕಾಲಿಟ್ಟರೆ ಅಂಗಾಲು ಸುಡುತ್ತದೆ. ಗಡಿಗೆಯ ತಣ್ಣೀರು ಕುಡಿದರೆ ಹೋದ ಜೀವ ಬಂದಂತಾಗುತ್ತದೆ.

ನಮ್ಮ ದೇಶದಲ್ಲೇ ಇನ್ನೊಂದು ನಾಡು ಇದೆ. ಅಲ್ಲಿ ಚಳಿಗಾಲದಲ್ಲಿ ಹೊರಗೆ ನೀರಿಟ್ಟರೆ ಬೆಳಗಾಗುವುದರೊಳಗೆ ಕಲ್ಲಾಗುತ್ತದೆ. ಹಳ್ಳದ ನೀರೂ ಕಲ್ಲಾಗುತ್ತದೆ. ಆ ನಾಡಿನ ಹೆಸರು ಲಡಾಖ್. ಅಲ್ಲಿಯ ದೊಡ್ಡ ಊರು ಲೇಹ್.

"ಅಷ್ಟು ದೂರದ ಊರಿನ ಸುದ್ದಿ ನಮಗ್ಯಾಕ ಬೇಕ್ರಿ?" ಎಂದು ನೀವು ಕೇಳಬಹುದು. ಬೇಕು. ಯಾಕೆಂದರೆ ನಮ್ಮ ಮಕ್ಕಳು ಅಲ್ಲಿ ಗಡಿ ಕಾಯುತ್ತಾರೆ.

ಹನುಮಂತಪ್ಪ ಕೊಪ್ಪದ ಅವರ ಹೆಸರು ನೀವು ಕೇಳಿರಬಹುದು. ಅವರು ಧಾರವಾಡ ಜಿಲ್ಲೆಯ ಬೆಟದೂರಿನವರು. ಸೈನ್ಯದಲ್ಲಿದ್ದರು. ಲಡಾಖಿನ ಸಿಯಾಚಿನ್ ಎಂಬಲ್ಲಿ ಕಾವಲಿದ್ದರು. ಆ ಠಾಣೆ 19,000 ಅಡಿಗೂ ಎತ್ತರದಲ್ಲಿತ್ತು. 2016ರ ಫೆಬ್ರುವರಿ 3ರಂದು ಹಿಮದ ಗುಡ್ಡ ಕುಸಿದು ಬಿತ್ತು. 10 ಜನ ಸೈನಿಕರು ಅದರ ಕೆಳಗೆ ಸಿಕ್ಕರು. ಅವರಲ್ಲಿ ಮೂವರು ನಮ್ಮ ಕರ್ನಾಟಕದವರು. ಹಿಮ ಅಗೆದು ತೆಗೆದಾಗ, ಆರು ದಿನದ ಮೇಲೆ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ನಾಡೆಲ್ಲ ದೇವರಿಗೆ ಕೈಮುಗಿಯಿತು. ಆದರೆ ಅವರು ಉಳಿಯಲಿಲ್ಲ. ಫೆಬ್ರುವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಸೈನಿಕರು ಅಲ್ಲಿಗೆ ಕೆಲವು ತಿಂಗಳು ಹೋಗಿ ಬರುತ್ತಾರೆ. ಆದರೆ ಆ ನಾಡಿನಲ್ಲೇ ಹುಟ್ಟಿ, ಅಲ್ಲೇ ಮಕ್ಕಳು-ಮರಿ ಸಾಕುವ ತಾಯಂದಿರೂ ಇದ್ದಾರೆ. ಅವರು ಹೇಗೆ ಬದುಕುತ್ತಾರೆ? ಬನ್ನಿ, ತಿಳಿಯೋಣ.

ಜಾಗ ದೊಡ್ಡದು, ಜನ ಕಡಿಮೆ

ಭಾರತದ ನಕಾಶೆ ತೆಗೆಯಿರಿ. ನಮ್ಮ ಬಾಗಲಕೋಟೆ ಜಿಲ್ಲೆಯ ಮೇಲೆ ಬೆರಳಿಡಿ. ಬೆರಳನ್ನು ಮೇಲೆ ಸರಿಸುತ್ತ ಹೋಗಿ. ಮಹಾರಾಷ್ಟ್ರ ದಾಟಿ, ದಿಲ್ಲಿ ದಾಟಿ, ಹಿಮಾಲಯ ದಾಟಿದರೆ ಲಡಾಖ್ ಸಿಗುತ್ತದೆ. ರಸ್ತೆಯ ಮೇಲೆ ಹೋದರೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ.

ಮೊದಲು ಲಡಾಖ್ ಜಮ್ಮು-ಕಾಶ್ಮೀರ ರಾಜ್ಯದಲ್ಲಿತ್ತು. 2019ರಲ್ಲಿ ಅದು ಬೇರೆಯಾಯಿತು. ದಿಲ್ಲಿ ಸರಕಾರದ ನೇರ ಆಡಳಿತಕ್ಕೆ ಬಂತು. ಆಗ ಅದರಲ್ಲಿ ಲೇಹ್ ಮತ್ತು ಕಾರ್ಗಿಲ್ ಎಂಬ ಎರಡು ಜಿಲ್ಲೆಗಳಿದ್ದವು. ಇನ್ನೂ ಐದು ಹೊಸ ಜಿಲ್ಲೆ ಮಾಡುವುದಾಗಿ 2024ರಲ್ಲಿ ಸರಕಾರ ಹೇಳಿತು. ಇಲ್ಲಿ ಕೊಟ್ಟ ಲೆಕ್ಕ 2011ರ ಜನಗಣತಿಯದು. ಅಂದಿನ ಲೇಹ್ ಜಿಲ್ಲೆಯದು.

ಲೇಹ್ ಜಿಲ್ಲೆ ನಮ್ಮ ಬಾಗಲಕೋಟೆ ಜಿಲ್ಲೆಯ ಸುಮಾರು ಏಳು ಪಟ್ಟು ದೊಡ್ಡದು. ಆದರೆ ಅಲ್ಲಿದ್ದ ಜನ 1,33,487 ಮಾತ್ರ. ಜಮಖಂಡಿ ಪಟ್ಟಣ ಮತ್ತು ರಬಕವಿ-ಬನಹಟ್ಟಿ ಪಟ್ಟಣದ ಜನರನ್ನು ಕೂಡಿಸಿದರೆ ಅದಕ್ಕಿಂತ ತುಸು ಹೆಚ್ಚೇ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರ್ ಜಾಗದಲ್ಲಿ 288 ಜನ ಇದ್ದರು. ಅಲ್ಲಿ ಅಷ್ಟೇ ಜಾಗದಲ್ಲಿ ಮೂವರು!

ಇನ್ನೊಂದು ಲೆಕ್ಕ ನೋಡಿ. ಲೇಹ್ ಜಿಲ್ಲೆಯಲ್ಲಿ 1,000 ಗಂಡಸರಿಗೆ 690 ಹೆಂಗಸರು. "ಅಯ್ಯ, ಹೆಣ್ಣು ಕೂಸು ಉಳಸೂದಿಲ್ಲೇನು?" ಎಂದು ಗಾಬರಿ ಆಗಬೇಡಿ. ಸೈನಿಕರು, ರಸ್ತೆ ಕೆಲಸಕ್ಕೆ ಹೊರಗಿನಿಂದ ಬಂದ ಕೂಲಿಗಳು, ಹೀಗೆ ಗಂಡಸರ ಲೆಕ್ಕ ಅಲ್ಲಿ ಹೆಚ್ಚಾಗುತ್ತದೆ. ಅದಕ್ಕೇ ಈ ವ್ಯತ್ಯಾಸ.

ಅಲ್ಲಿಯ ಮೂರು ಪಾಲು ಜನರಲ್ಲಿ ಎರಡು ಪಾಲು ಬೌದ್ಧರು. ಮುಸಲ್ಮಾನರೂ ಇದ್ದಾರೆ. ಅವರ ಮಾತು ಲಡಾಖಿ. ನಾವು "ಶರಣ್ರಿ" ಅನ್ನುವ ಹಾಗೆ ಅವರು "ಜುಲೇ" ಅನ್ನುತ್ತಾರೆ.

ಯಾಕೆ ಅಷ್ಟು ಚಳಿ? ಯಾಕೆ ಮಳೆ ಇಲ್ಲ?

ಲೇಹ್ ಪಟ್ಟಣ ಸಮುದ್ರಕ್ಕಿಂತ ಸುಮಾರು 11,500 ಅಡಿ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ತೆಳು ಗಾಳಿ ಕಾವು ಹಿಡಿದಿಡುವುದಿಲ್ಲ. ಸೂರ್ಯ ಮುಳುಗಿದ ಕೂಡಲೇ ಚಳಿ ಕಚ್ಚುತ್ತದೆ. ನೀರು ಹೆಪ್ಪುಗಟ್ಟುವ ಚಳಿಗೆ ಸೊನ್ನೆ ಡಿಗ್ರಿ ಅನ್ನುತ್ತಾರೆ. ಜನವರಿಯ ರಾತ್ರಿ ಲೇಹ್‌ನಲ್ಲಿ ಅದಕ್ಕಿಂತ 15 ಡಿಗ್ರಿ ಕೆಳಗೆ ಇಳಿಯುವುದು ಸಾಮಾನ್ಯ.

ತೆಳು ಗಾಳಿಯಲ್ಲಿ ಉಸಿರಾಟವೂ ಕಷ್ಟ. ಹೊಸದಾಗಿ ಹೋದವರಿಗೆ ತಲೆ ನೋಯುತ್ತದೆ, ಓಕರಿಕೆ ಬರುತ್ತದೆ. ಒಂದೆರಡು ದಿನ ಸುಮ್ಮನೆ ಕೂತು ಮೈ ಒಗ್ಗಿಸಿಕೊಳ್ಳಬೇಕು.

ಮಳೆಯ ಮಾತು ಕೇಳಿ. ನಮ್ಮ ಕಡೆ ಮಳೆ ಕಡಿಮೆ ಯಾಕೆ? ಸಮುದ್ರದಿಂದ ಬರುವ ಮೋಡವನ್ನು ಸಹ್ಯಾದ್ರಿ ಗುಡ್ಡ ತಡೆಯುತ್ತದೆ. ಆ ಕಡೆ ಸುರಿಯುತ್ತದೆ, ಈ ಕಡೆ ಒಣಗುತ್ತದೆ. ಅಲ್ಲಿಯೂ ಹಾಗೇ. ಹಿಮಾಲಯ ಪರ್ವತ ಮೋಡವನ್ನು ತಡೆಯುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 55 ಸೆಂಟಿಮೀಟರ್ ಮಳೆ ಆಗುತ್ತದೆ. ಲೇಹ್‌ನಲ್ಲಿ ಸುಮಾರು 10 ಸೆಂಟಿಮೀಟರ್ ಅಷ್ಟೇ. ಚಳಿ ಇದ್ದರೂ ಅದು ಬರಗಾಲದ ನಾಡೇ!

ಮನೆ, ಊಟ, ಉರುವಲು

ಅಲ್ಲಿಯ ಮನೆಗಳು ನಮ್ಮ ಮಾಳಿಗೆ ಮನೆಗಳ ಹಾಗೇ ಕಾಣುತ್ತವೆ. ಮಣ್ಣಿನ ಹಸಿ ಇಟ್ಟಿಗೆ, ದಪ್ಪ ಗೋಡೆ, ಸಪಾಟು ಮಾಳಿಗೆ. ಕೆಳಗೆ ದನಕರು, ಮೇಲೆ ಜನ. ಚಳಿಗಾಲಕ್ಕೆ ಬೇಕಾದ ಮೇವನ್ನು ಮಾಳಿಗೆಯ ಮೇಲೆ ಒಟ್ಟುತ್ತಾರೆ. ಗಿಡ-ಮರ ಕಡಿಮೆ. ಅದಕ್ಕೇ ಉರುವಲಿಗೆ ಕುಳ್ಳು ಬಡಿದು ಒಣಗಿಸುತ್ತಾರೆ.

ನಮಗೆ ಜೋಳದ ರೊಟ್ಟಿ ಹೇಗೋ, ಅವರಿಗೆ ಜವೆಗೋಧಿ ಹಾಗೆ. ಜವೆಯನ್ನು ಹುರಿದು, ಬೀಸಿ ಹಿಟ್ಟು ಮಾಡುತ್ತಾರೆ. ಚಹಾಕ್ಕೆ ಸಕ್ಕರೆ ಅಲ್ಲ, ಉಪ್ಪು ಮತ್ತು ಬೆಣ್ಣೆ ಹಾಕಿ ಕಡೆಯುತ್ತಾರೆ. ಚಳಿಯಲ್ಲಿ ಮೈ ಬೆಚ್ಚಗಿರಲು ಜಿಡ್ಡು ಬೇಕು. ಬೇಸಿಗೆಯಲ್ಲಿ ಜರದಾಳು ಹಣ್ಣು, ಕಾಯಿಪಲ್ಲೆ ಒಣಗಿಸಿ ಚಳಿಗಾಲಕ್ಕೆ ಇಡುತ್ತಾರೆ.

ಅಲ್ಲಿಯ ಕಕ್ಕಸಿಗೂ ನೀರು ಹಾಕುವುದಿಲ್ಲ. ಮೇಲಿಂದ ಮಣ್ಣು ಎಳೆಯುತ್ತಾರೆ. ಅದು ಕೊಳೆತು ಗೊಬ್ಬರವಾಗಿ ಹೊಲ ಸೇರುತ್ತದೆ.

ನೀರಿಗೆ ಪಾಳಿ

"ಮಳಿ ಇಲ್ಲಂದ್ರ ಬೆಳಿ ಹೆಂಗ ಬೆಳಿತಾರ?"

ಒಳ್ಳೆಯ ಪ್ರಶ್ನೆ. ಎತ್ತರದ ಗುಡ್ಡಗಳ ಮೇಲೆ ಹಿಮ ಬಿದ್ದು ಗಟ್ಟಿಯಾಗಿ ನಿಂತಿರುತ್ತದೆ. ಅದಕ್ಕೆ ಹಿಮನದಿ ಅನ್ನುತ್ತಾರೆ. ಬೇಸಿಗೆ ಬಿಸಿಲಿಗೆ ಅದು ಕರಗಿ ಹಳ್ಳವಾಗಿ ಇಳಿಯುತ್ತದೆ. ಜನ ಗುಡ್ಡದಿಂದ ಕಾಲುವೆ ತೋಡಿ ಆ ನೀರನ್ನು ಹೊಲಕ್ಕೆ ತರುತ್ತಾರೆ.

ನೀರು ಸ್ವಲ್ಪ, ಹೊಲ ಬಹಳ. ಜಗಳ ಆಗಬಾರದು ಎಂದು ಊರವರು ಒಬ್ಬರನ್ನು ನೇಮಿಸುತ್ತಾರೆ. ಅವರಿಗೆ "ಚುರ್ಪೋನ್" ಅನ್ನುತ್ತಾರೆ. ಅಂದರೆ ನೀರಿನ ಯಜಮಾನ. ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ನೀರು ಎಂದು ಪಾಳಿ ಹಚ್ಚುವವರು ಅವರೇ. ಬಡವರ ಹೊಲಕ್ಕೂ ಪಾಳಿ ಬರಬೇಕು. ಕಾಲುವೆಯ ತುದಿಯ ಹೊಲಕ್ಕೂ ನೀರು ಮುಟ್ಟಬೇಕು.

ಹಿಮದ ಬ್ಯಾರೇಜು

ಆದರೂ ಒಂದು ಕಷ್ಟ ಉಳಿಯಿತು. ಬಿತ್ತನೆಗೆ ಏಪ್ರಿಲ್-ಮೇ ತಿಂಗಳಲ್ಲಿ ನೀರು ಬೇಕು. ಎತ್ತರದ ಹಿಮ ಚೆನ್ನಾಗಿ ಕರಗುವುದು ಜೂನ್ ತಿಂಗಳಲ್ಲಿ. ಬೇಸಿಗೆಯೇ ಸಣ್ಣದು. ಬಿತ್ತುವುದು ತಡವಾದರೆ ತೆನೆ ಬಲಿಯುವ ಮೊದಲೇ ಚಳಿ ಬರುತ್ತದೆ. ಇತ್ತ ಚಳಿಗಾಲದಲ್ಲಿ ಮಾತ್ರ ಯಾರಿಗೂ ಬೇಡವಾದ ನೀರು ಸುಮ್ಮನೆ ಹರಿದು ಹೋಗುತ್ತಿತ್ತು.

ಲೇಹ್‌ನಲ್ಲಿ ಚೆವಾಂಗ್ ನೊರ್ಫೆಲ್ ಎಂಬ ಇಂಜಿನಿಯರ್ ಇದ್ದರು. ಅವರು ಇದನ್ನು ನೋಡಿದರು. ಆ ನೀರನ್ನು ಊರಿನ ಹತ್ತಿರದ ನೆರಳಿನ ಜಾಗಕ್ಕೆ ತಿರುಗಿಸಿದರು. ಸಣ್ಣ ಸಣ್ಣ ಕಲ್ಲಿನ ಒಡ್ಡು ಹಾಕಿದರು. ನಿಧಾನವಾದ ನೀರು ಅಲ್ಲೇ ಹೆಪ್ಪುಗಟ್ಟಿತು. ಊರಿಗೆ ಹತ್ತಿರ, ತಗ್ಗಿನ ಜಾಗ. ಆದ್ದರಿಂದ ಎತ್ತರದ ಹಿಮಕ್ಕಿಂತ ಮೊದಲೇ ಕರಗಿತು. ಸರಿಯಾಗಿ ಬಿತ್ತನೆಯ ಹೊತ್ತಿಗೆ ನೀರು ಬಂತು. 1987ರಲ್ಲಿ ಈ ಕೆಲಸ ಶುರುವಾಯಿತು. 2015ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟರು.

ಆಮೇಲೆ ಸೋನಮ್ ವಾಂಗ್‌ಚುಕ್ ಎಂಬುವರು ಇನ್ನೊಂದು ಉಪಾಯ ಮಾಡಿದರು. ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ತಂದು ಚಳಿಯ ರಾತ್ರಿ ಕಾರಂಜಿಯಂತೆ ಚಿಮ್ಮಿಸಿದರು. ಬೀಳುತ್ತ ಬೀಳುತ್ತಲೇ ನೀರು ಹೆಪ್ಪುಗಟ್ಟಿ ರಾಶಿಯಾಯಿತು. ಕಣದಲ್ಲಿ ಜೋಳದ ರಾಶಿ ಹಾಕಿದ ಹಾಗೆ! ರಾಶಿಯಾದ ಹಿಮಕ್ಕೆ ಬಿಸಿಲು ತಾಗುವುದು ಕಡಿಮೆ. ನಿಧಾನ ಕರಗುತ್ತದೆ. 2013-14ರಿಂದ ಇಂಥ ರಾಶಿಗಳನ್ನು ಕಟ್ಟುತ್ತಿದ್ದಾರೆ.

ಇದನ್ನು ಓದಿದಾಗ ನಮಗೆ ಏನು ನೆನಪಾಗುತ್ತದೆ? ನಮ್ಮದೇ ಚಿಕ್ಕಪಡಸಲಗಿ! ಮಳೆಗಾಲದಲ್ಲಿ ಕೃಷ್ಣಾ ನದಿ ತುಂಬಿ ಹರಿಯುತ್ತಿತ್ತು. ಬೇಸಿಗೆಯಲ್ಲಿ ಒಣಗುತ್ತಿತ್ತು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿದರು. ತಾವೇ ದುಡಿದರು. 1989ರಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದರ ಹೆಸರು ಶ್ರಮಬಿಂದು ಸಾಗರ. ಅವರು ನೀರನ್ನು ಹಿಮ ಮಾಡಿ ಹಿಡಿದರು. ನಾವು ಗೋಡೆ ಕಟ್ಟಿ ಹಿಡಿದೆವು. ಬುದ್ಧಿ ಒಂದೇ: ಹರಿದು ಹೋಗುವಾಗ ಹಿಡಿ, ಬೇಕಾದಾಗ ಬಿಡು.

ಉಣ್ಣೆ ಮತ್ತು ಮಗ್ಗ

ಲೇಹ್‌ನ ಪೂರ್ವಕ್ಕೆ ಚಾಂಗ್‌ಥಾಂಗ್ ಎಂಬ ಎತ್ತರದ ಬಯಲು ಇದೆ. ಅಲ್ಲಿ ಬೆಳೆ ಬರುವುದು ಬಲು ಕಷ್ಟ. ಅಲ್ಲಿಯ ಚಾಂಗ್‌ಪಾ ಜನ ನಮ್ಮ ಕುರಿಗಾರರ ಹಾಗೆ ಆಡು-ಕುರಿ ಹೊಡೆದುಕೊಂಡು ಮೇವು ಇರುವಲ್ಲಿಗೆ ಹೋಗುತ್ತಾರೆ. ಡೇರೆಯಲ್ಲಿ ಇರುತ್ತಾರೆ.

ಆ ಚಳಿಗೆ ಆಡಿನ ಮೈಮೇಲೆ ಉದ್ದ ಕೂದಲಿನ ಕೆಳಗೆ ಮೆತ್ತನೆಯ ತುಪ್ಪಳ ಬೆಳೆಯುತ್ತದೆ. ಅದೇ ಪಶ್ಮೀನಾ ಉಣ್ಣೆ. ಚಳಿ ಮುಗಿದ ಮೇಲೆ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಒಂದು ಆಡಿಗೆ ಸುಮಾರು ಕಾಲು ಕಿಲೋ ಸಿಗುತ್ತದೆ. ಬಹಳ ಕಾಲದಿಂದ ಆ ಉಣ್ಣೆ ಕಾಶ್ಮೀರಕ್ಕೆ ಹೋಗುತ್ತಿತ್ತು. ಅಲ್ಲಿ ನೂಲಾಗಿ, ಶಾಲಾಗಿ, ಭಾರಿ ಬೆಲೆಗೆ ಮಾರಾಟವಾಗುತ್ತಿತ್ತು. ಆಡು ಕಾಯ್ದವರಿಗೆ ಸಿಗುತ್ತಿದ್ದುದು ಹಸಿ ಉಣ್ಣೆಯ ಬೆಲೆ ಮಾತ್ರ.

ರಬಕವಿ-ಬನಹಟ್ಟಿಯ ಅಕ್ಕಂದಿರಿಗೆ ಇದು ಬೇಗ ತಿಳಿಯುತ್ತದೆ. ಕಂಡಿಕೆ ಸುತ್ತಿದ ಕೈಗೆ ಎಷ್ಟು ಸಿಗುತ್ತದೆ? ಅಂಗಡಿಯಲ್ಲಿ ಸೀರೆಯ ಬೆಲೆ ಎಷ್ಟು?

ಈಚಿನ ವರ್ಷಗಳಲ್ಲಿ ಲೇಹ್‌ನ ಹೆಣ್ಣುಮಕ್ಕಳು "ಲೂಮ್ಸ್ ಆಫ್ ಲಡಾಖ್" ಎಂಬ ಸಹಕಾರಿ ಸಂಘ ಕಟ್ಟಿದ್ದಾರೆ. ಅಂದರೆ ಲಡಾಖಿನ ಮಗ್ಗಗಳು. ತಾವೇ ನೂಲುತ್ತಾರೆ, ನೇಯುತ್ತಾರೆ, ಹೆಣೆಯುತ್ತಾರೆ, ಮಾರುತ್ತಾರೆ.

ಬದಲಾದ ಕಾಲ

ಹಿಂದೆ ಲೇಹ್ ವ್ಯಾಪಾರದ ಊರು. ಟಿಬೆಟ್ ಕಡೆಯಿಂದ ಸರಕು ಬರುತ್ತಿತ್ತು. 1962ರಲ್ಲಿ ಚೀನಾದ ಜೊತೆ ಯುದ್ಧವಾಯಿತು. ಗಡಿ ಮುಚ್ಚಿತು. ಸೈನ್ಯ ಬಂತು, ರಸ್ತೆ ಬಂತು. 1974ರಿಂದ ಪ್ರವಾಸಿಗರು ಬರತೊಡಗಿದರು. ಈಗ ಅನೇಕ ಮನೆಗಳಿಗೆ ಸೈನ್ಯದ ಕೆಲಸ, ಸರಕಾರಿ ನೌಕರಿ, ಪ್ರವಾಸಿಗರು, ಇವೇ ಆಧಾರ.

ಕೈಗೆ ದುಡ್ಡು ಬಂತು. ತೊಂದರೆಯೂ ಬಂತು. ಹೋಟೆಲುಗಳಿಗೆ ಬಹಳ ನೀರು ಬೇಕು. ಬೋರ್‌ವೆಲ್ ಹೆಚ್ಚಾದವು. ಭೂಮಿಯ ಕಾವು ಏರುತ್ತಿರುವುದರಿಂದ ಹಿಮನದಿಗಳು ಕುಗ್ಗುತ್ತಿವೆ. 2010ರ ಆಗಸ್ಟಿನಲ್ಲಿ ಒಂದೇ ರಾತ್ರಿ ಭಾರಿ ಮಳೆ ಸುರಿಯಿತು. ಮಣ್ಣಿನ ಮನೆಗಳು ಕೊಚ್ಚಿ ಹೋದವು. 200ಕ್ಕೂ ಹೆಚ್ಚು ಜನ ಸತ್ತರು.

ಹೆಣ್ಣುಮಕ್ಕಳ ಓದಿನಲ್ಲಿ ಆ ಚಳಿಯ ನಾಡು ನಮಗಿಂತ ಮುಂದಿದೆ. 2011ರಲ್ಲಿ ಅಲ್ಲಿ 100ಕ್ಕೆ ಸುಮಾರು 64 ಹೆಣ್ಣುಮಕ್ಕಳು ಓದು ಬರಹ ಬಲ್ಲವರು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಸುಮಾರು 58. ಹೊಸದಾಗಿ ಓದಲು ಕಲಿತ ನೀವು ಒಬ್ಬೊಬ್ಬರೂ ಈ ಲೆಕ್ಕವನ್ನು ಮೇಲೆ ಏರಿಸುತ್ತೀರಿ.

ನಮ್ಮಲ್ಲಿ ಕೆಂಡದಂಥ ಬಿಸಿಲು, ಅಲ್ಲಿ ಕಲ್ಲಿನಂಥ ಹಿಮ. ಎರಡೂ ಕಡೆ ಒಬ್ಬರ ಕೈಯಿಂದ ಆಗದ್ದು ಊರು ಕೂಡಿದಾಗ ಆಗಿದೆ. ಮುಂದೆ ನಿಮ್ಮ ಊರಿನ ಯಾವುದಾದರೂ ಮಗ ಲಡಾಖಿಗೆ ಹೋದರೆ, ಫೋನಿನಲ್ಲಿ ಅವನಿಗೆ "ಜುಲೇ" ಅನ್ನಿ. ತಾಯಿಗೆ ತನ್ನ ಠಿಕಾಣಿ ಗೊತ್ತಿದೆ ಎಂದು ಅವನಿಗೆ ಧೈರ್ಯ ಬರುತ್ತದೆ.

ಕೂಡಿ ಮಾತಾಡಿರಿ

1. ನಿಮ್ಮ ಊರಲ್ಲಿ ಕಾಲುವೆ ನೀರಿಗೆ ಪಾಳಿ ಯಾರು ಹಚ್ಚುತ್ತಾರೆ? ತುದಿಯ ಹೊಲಕ್ಕೆ ನೀರು ಮುಟ್ಟುತ್ತದೆಯೆ?

2. ಮಳೆಗಾಲದಲ್ಲಿ ನಿಮ್ಮ ಊರಿನ ನೀರು ಎಲ್ಲಿ ಹರಿದು ಹೋಗುತ್ತದೆ? ಅದನ್ನು ಎಲ್ಲಿ ಹಿಡಿಯಬಹುದು?

3. ಒಂದು ಸೀರೆಯ ಬೆಲೆಯಲ್ಲಿ ಕಂಡಿಕೆ ಸುತ್ತಿದವರಿಗೆ, ನೇಯ್ದವರಿಗೆ, ಮಾರಿದವರಿಗೆ ಎಷ್ಟೆಷ್ಟು ಸಿಗುತ್ತದೆ? ಲೆಕ್ಕ ಬರೆದು ನೋಡಿ.