ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ...

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ಹಿರಿಯರು. ಮನೆಯನ್ನು ಬಾಡಿಗೆಗೆ ಕೊಟ್ಟು ನೋಡಿದವರು ಅದಕ್ಕೆ ಮೂರನೆಯದನ್ನೂ ಸೇರಿಸುತ್ತಾರೇನೋ! ನಿವೃತ್ತಿಯ ಹಣ ಬಂದಿರುತ್ತದೆ, ತವರಿನ ಪಾಲು ಸಿಕ್ಕಿರುತ್ತದೆ, ಇಲ್ಲವೇ ವರ್ಷಗಟ್ಟಲೆ ಚೀಟಿ ಕಟ್ಟಿ ಒಂದಿಷ್ಟು ದುಡ್ಡು ಕೂಡಿಸಿರುತ್ತೀರಿ. ‘ಮೈಸೂರಿನಲ್ಲಿ ಒಂದು ಮನೆ ತೆಗೆದು ಹಾಕಿ, ತಿಂಗಳು ತಿಂಗಳು ಬಾಡಿಗೆ ಬರುತ್ತೆ, ನೆಮ್ಮದಿಯಾಗಿ ಕೂತ್ಕೊಳ್ಳಿ’ ಎಂಬ ಸಲಹೆ ನಾಲ್ಕೂ ಕಡೆಯಿಂದ ಬರುತ್ತದೆ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಈ ಮಾತು ಇನ್ನೂ ಜೋರು. ಆದರೆ ಜೀವಮಾನದ ಉಳಿತಾಯವನ್ನು ಇಟ್ಟಿಗೆ ಸಿಮೆಂಟಿಗೆ ಹಾಕುವ ಮೊದಲು ಸ್ವಲ್ಪ ನಿಧಾನಿಸಿ. ಪೆನ್ನು, ಕಾಗದ ತೆಗೆದುಕೊಂಡು ಕೂತುಕೊಳ್ಳಿ.

ಮೊದಲು ಲೆಕ್ಕ, ಆಮೇಲೆ ಮನೆ

ಮನೆಯ ಬೆಲೆ 60 ಲಕ್ಷ ಎಂದುಕೊಳ್ಳೋಣ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಅಲ್ಲಿಗೆ ನೋಂದಣಿಗೇ ಸುಮಾರು ನಾಲ್ಕೂವರೆ ಲಕ್ಷ ಬೇಕು. ಬಾಡಿಗೆ ತಿಂಗಳಿಗೆ 16 ಸಾವಿರ ಬಂದರೆ ವರ್ಷಕ್ಕೆ 1.92 ಲಕ್ಷ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ಹೊತ್ತಿಗೆ ಒಂದು ತಿಂಗಳು ಖಾಲಿ. ಕಂದಾಯ, ಸುಣ್ಣ-ಬಣ್ಣ, ಮೋಟಾರ್ ರಿಪೇರಿ ಅಂತ 20 ಸಾವಿರ ಹಿಡಿಯಿರಿ. ಕೈಗೆ ಉಳಿಯುವುದು 1.56 ಲಕ್ಷ, ಅಂದರೆ ಹಾಕಿದ ಹಣಕ್ಕೆ ನೂರಕ್ಕೆ ಎರಡೂವರೆಯೂ ಇಲ್ಲ!

ಸಾಲ ಮಾಡಿ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. 40 ಲಕ್ಷ ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ, 20 ವರ್ಷಕ್ಕೆ, ತಿಂಗಳ ಕಂತು 34,700 ರೂಪಾಯಿ ದಾಟುತ್ತದೆ. ಬಾಡಿಗೆಯಿಂದ ಅದರ ಅರ್ಧವೂ ಹುಟ್ಟುವುದಿಲ್ಲ. ಉಳಿದದ್ದು ಮನೆ ಖರ್ಚಿನಿಂದಲೇ ಹೋಗಬೇಕು.

ಹಾಗಾದರೆ ಮನೆ ಕೊಳ್ಳಲೇಬಾರದೇ? ಹಾಗೇನಿಲ್ಲ. ಸ್ಥಳದ ಬೆಲೆ ಏರಬಹುದು, ಬಾಡಿಗೆಯೂ ವರ್ಷ ವರ್ಷ ಹೆಚ್ಚುತ್ತದೆ. ಆದರೆ ಬರುವುದೇ ಇಷ್ಟಾದಾಗ ಎರಡು ಮೂರು ತಿಂಗಳು ಬೀಗ ಬಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ಚೆಂದದ ಮನೆಗಿಂತ ಖಾಲಿ ಕೂರದ ಮನೆಯನ್ನು ಹುಡುಕಿ.

ಯಾರು ಬರುತ್ತಾರೆ, ಎಲ್ಲಿಗೆ?

ನಮ್ಮೂರಿನಲ್ಲಿ ಒಂದೊಂದು ಬಡಾವಣೆಗೂ ಒಂದೊಂದು ಬಗೆಯ ಬಾಡಿಗೆದಾರರು. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ಮಾನಸಗಂಗೋತ್ರಿ ಮತ್ತು ಕಾಲೇಜುಗಳ ವಿದ್ಯಾರ್ಥಿಗಳು, ಅಧ್ಯಾಪಕರು. ಹೆಬ್ಬಾಳ, ಹೂಟಗಳ್ಳಿ, ವಿಜಯನಗರದ ಕಡೆ ಕಾರ್ಖಾನೆ ಮತ್ತು ಇನ್ಫೊಸಿಸ್‌ನಂಥ ಕಂಪನಿಗಳ ನೌಕರರು. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಪರದೇಶದವರು. ಇವರು ಕೊಡುವ ಬಾಡಿಗೆ ಹೆಚ್ಚು, ನಿಲ್ಲುವುದು ಕೆಲವೇ ತಿಂಗಳು. ಕುವೆಂಪುನಗರ, ರಾಮಕೃಷ್ಣನಗರದಂಥ ಕಡೆ ಮಕ್ಕಳ ಶಾಲೆಗಾಗಿ ಬಂದ ಸಂಸಾರಗಳು. ಶಾಲೆ ಮುಗಿಯುವ ತನಕ ಇವರು ಸಾಮಾನ್ಯವಾಗಿ ಜಾಗ ಬಿಟ್ಟು ಕದಲುವುದಿಲ್ಲ.

ಒಂದು ಭಾನುವಾರ ಆ ಬೀದಿಗಳಲ್ಲಿ ಸುಮ್ಮನೆ ಓಡಾಡಿ ಬನ್ನಿ. ‘ಮನೆ ಬಾಡಿಗೆಗಿದೆ’ ಬೋರ್ಡುಗಳನ್ನು ಎಣಿಸಿ. ಒಂದೇ ಬೀದಿಯಲ್ಲಿ ಐದಾರು ಬೋರ್ಡು ತೂಗುತ್ತಿದ್ದರೆ ನಿಮ್ಮದು ಏಳನೆಯದಾಗುತ್ತದೆ, ಅಷ್ಟೇ! ಬೋರ್ಡಿನ ನಂಬರಿಗೆ ಬಾಡಿಗೆಗೆ ಬರುವವರಂತೆ ಫೋನ್ ಮಾಡಿ ಕೇಳಿ. ದಲ್ಲಾಳಿ ಹೇಳುವ ಬಾಡಿಗೆಗೂ ನಿಜವಾದ ಬಾಡಿಗೆಗೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಅಡುಗೆಮನೆಯಿಂದ ನೋಡಿ

ಗಂಡಸರು ಮನೆಯ ಮುಂಭಾಗ, ಕಾರು ನಿಲ್ಲಿಸುವ ಜಾಗ ನೋಡುತ್ತಾರೆ. ಆದರೆ ಮನೆ ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸುವವಳು ಹೆಚ್ಚಾಗಿ ಬಾಡಿಗೆಗೆ ಬರುವ ಮನೆಯೊಡತಿ. ಅವಳ ಕಣ್ಣಿನಿಂದ ನೋಡಿ. ಅಡುಗೆಮನೆಗೆ ಬೆಳಕಿದೆಯೇ? ಪಾತ್ರೆ ತೊಳೆಯಲು, ಬಟ್ಟೆ ಒಣಗಿಸಲು ಜಾಗವಿದೆಯೇ? ಬಸ್ ಸ್ಟಾಪ್ ಎಷ್ಟು ದೂರ? ರಾತ್ರಿ ಎಂಟಕ್ಕೆ ಹೆಣ್ಣುಮಗಳೊಬ್ಬಳು ಅಲ್ಲಿಂದ ನಡೆದು ಬರಬಹುದೇ?

ಎಲ್ಲಕ್ಕಿಂತ ಮುಖ್ಯ ನೀರು. ರಿಂಗ್ ರಸ್ತೆಯ ಆಚೆಯ ಹಲವು ಖಾಸಗಿ ಬಡಾವಣೆಗಳು ಬೋರ್‌ವೆಲ್ ಮತ್ತು ಟ್ಯಾಂಕರನ್ನು ನಂಬಿಕೊಂಡಿವೆ. ಮಳೆಗಾಲದಲ್ಲಿ ನೋಡಿದರೆ ಇದು ಗೊತ್ತಾಗದು. ಏಪ್ರಿಲ್‌ನಲ್ಲಿ ಹೋಗಿ, ಪಕ್ಕದ ಮನೆಯವರನ್ನು ಕೇಳಿ. ನೀರಿನ ವಿಷಯದಲ್ಲಿ ಅಕ್ಕಪಕ್ಕದ ಹೆಂಗಸರು ಸುಳ್ಳು ಹೇಳುವುದಿಲ್ಲ.

ಕೆಳಗೊಂದು ಮೇಲೊಂದು ಮನೆ ಇದ್ದರೆ ಎರಡಕ್ಕೂ ಬೇರೆ ಬೇರೆ ಕರೆಂಟ್ ಮೀಟರ್ ಇರಲಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಪ್ರತ್ಯೇಕ ಮೀಟರ್ ಇಲ್ಲದ ಮನೆಗೆ ಬರಲು ಜನ ಹಿಂದೆ ಮುಂದೆ ನೋಡುತ್ತಾರೆ. ಇಂಥ ಎರಡು ಸಣ್ಣ ಮನೆಗಳ ಅನುಕೂಲವೂ ಹೆಚ್ಚು. ಒಂದು ಖಾಲಿಯಾದರೂ ಇನ್ನೊಂದರ ಬಾಡಿಗೆ ನಿಲ್ಲುವುದಿಲ್ಲ.

ಕಾಗದಪತ್ರದಲ್ಲಿ ದಾಕ್ಷಿಣ್ಯ ಬೇಡ

‘ನಮ್ಮವರೇ, ನಂಬಿ’ ಎನ್ನುವವರ ಹತ್ತಿರವೂ ಪೂರ್ತಿ ಕಾಗದ ಕೇಳಿ. ಕನಿಷ್ಠ 30 ವರ್ಷದ ಋಣಭಾರ ಪತ್ರ (ಇಸಿ), ಮೂಲಪತ್ರ, ನಕ್ಷೆ ಮಂಜೂರಾತಿ, ಕಂದಾಯ ರಸೀತಿ ಬೇಕೇ ಬೇಕು. ಈಗ ಇ-ಖಾತೆ ಇಲ್ಲದೆ ನೋಂದಣಿಯೇ ಆಗದು. ‘ಬಿ ಖಾತೆ, ಅಗ್ಗಕ್ಕೆ ಬರುತ್ತೆ’ ಎಂದರೆ ಅಗ್ಗ ಏಕೆಂದು ವಕೀಲರಿಂದ ತಿಳಿದೇ ಮುಂದುವರಿಯಿರಿ.

ಮೈಸೂರಿಗೇ ಸೇರಿದ ಇನ್ನೊಂದು ಎಚ್ಚರಿಕೆ: ಮುಡಾದ 50:50 ಅನುಪಾತದ ನಿವೇಶನ ಹಂಚಿಕೆ 2024ರಲ್ಲಿ ದೊಡ್ಡ ವಿವಾದವಾಯಿತು. 2025ರ ಜನವರಿಯಲ್ಲಿ ಜಾರಿ ನಿರ್ದೇಶನಾಲಯ 142 ಸ್ಥಿರಾಸ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಪ್ರಾಧಿಕಾರದ ಸೈಟಿನಲ್ಲಿ ಕಟ್ಟಿದ ಮನೆಯಾದರೆ ಆ ಸೈಟು ಯಾರಿಗೆ, ಯಾವಾಗ, ಯಾವ ಲೆಕ್ಕದಲ್ಲಿ ಹಂಚಿಕೆಯಾಯಿತು ಎಂದು ನೋಡಲೇಬೇಕು.

ಮನೆಯಲ್ಲಿ ಈಗ ಯಾರಾದರೂ ವಾಸವಿದ್ದರೆ ಅವರನ್ನೇ ಮಾತಾಡಿಸಿ. ಅವರು ಐದು ಲಕ್ಷವೋ ಎಂಟು ಲಕ್ಷವೋ ಕೊಟ್ಟು ಭೋಗ್ಯಕ್ಕೆ ಇರಬಹುದು. ನೋಂದಣಿ ಮಾಡಿಸದ ಭೋಗ್ಯ ಇಸಿಯಲ್ಲಿ ಕಾಣಿಸುವುದಿಲ್ಲ. ಹಳೆಯ ಮಾಲೀಕ ಹಣ ಎಣಿಸಿಕೊಂಡು ಹೋದ ಮೇಲೆ ಅವರು ನಿಮ್ಮ ಮುಂದೆ ಕಾಗದ ಹಿಡಿದು ನಿಂತರೆ? ಅವರನ್ನು ಬಿಡಿಸಿ, ಖಾಲಿ ಮನೆಯನ್ನೇ ನೋಂದಣಿ ಮಾಡಿಸಿಕೊಳ್ಳುವುದು ಕ್ಷೇಮ.

ಹೆಸರು ಯಾರದಿರಲಿ?

ನಿಮ್ಮ ಹಣವಾದರೆ ನಿಮ್ಮ ಹೆಸರೇ ಇರಲಿ, ಸಂಕೋಚವೇಕೆ? ತವರಿನ ಪಾಲು, ಒಡವೆ ಮಾರಿದ ಹಣ, ನಿಮ್ಮ ಸಂಬಳ ನಿಮ್ಮ ಖಾತೆಯಿಂದಲೇ ಮಾರುವವರಿಗೆ ಹೋಗಲಿ. ಅದೇ ನಾಳೆಗೆ ಸಾಕ್ಷಿ. ಪೂರ್ತಿ ಗಂಡನ ಹಣದಲ್ಲಿ ಹೆಂಡತಿಯ ಹೆಸರಿಗೆ ಕೊಂಡರೆ ಬಾಡಿಗೆ ವರಮಾನವನ್ನು ತೆರಿಗೆ ಇಲಾಖೆ ಗಂಡನ ಲೆಕ್ಕಕ್ಕೇ ಸೇರಿಸುತ್ತದೆ ಎಂಬುದೂ ಗೊತ್ತಿರಲಿ.

ಇವು ನೆನಪಿರಲಿ

* ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ.

* ಹೊಸ ಅಪಾರ್ಟ್‌ಮೆಂಟ್ ಆದರೆ ರೇರಾ ನೋಂದಣಿ ನೋಡಿ. ತಿಂಗಳ ನಿರ್ವಹಣಾ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ.

* ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ರಷ್ಟಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ.

* ಮನೆ ನಿಮ್ಮ ವಾಸದ ಜಾಗಕ್ಕೆ ಹತ್ತಿರವಿರಲಿ. ನಲ್ಲಿ ಕೆಟ್ಟರೆ ಓಡಬೇಕಾದವರು ನೀವೇ.

* ಅಡ್ವಾನ್ಸ್ ಹಣವನ್ನು ಬೇರೆಯಾಗಿ ಇಟ್ಟಿರಿ. ಅದು ಹಿಂದಿರುಗಿಸಬೇಕಾದ ಹಣ.

ಒಂದು ಮನೆ ಕೈತಪ್ಪಿದರೆ ಇನ್ನೊಂದು ಸಿಗುತ್ತದೆ. ಕೂಡಿಟ್ಟ ದುಡ್ಡು ಹೋದರೆ ಮತ್ತೆ ಕೂಡುವುದು ಕಷ್ಟ. ‘ನಾಳೆಯೇ ಮುಂಗಡ ಕೊಡಿ, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ’ ಎಂದು ಯಾರಾದರೂ ಅವಸರ ಮಾಡಿದರೆ ನಗುತ್ತಾ ಹೇಳಿಬಿಡಿ: ‘ಅವರಿಗೇ ಕೊಡಿ!’